ಮಳೆಗಾಲದಲ್ಲಿ ಸೋಲಾರ್ ನಂಬಿ ಕೂತವರಿಗೆ: ನಮ್ಮ ಹಳ್ಳದ ಕರೆಂಟ್, ಲೆಕ್ಕ ಸಮೇತ

ಹೊಸನಗರ ಹಳ್ಳದಂಚು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ. ಕಳೆದ ವಾರ ಒಬ್ಬರು ಮಲೆನಾಡಿನಲ್ಲಿ ಸೋಲಾರ್ ಹಾಕಿಸಬಹುದಾ ಅಂತ ಕೇಳಿದ್ದರು. ಹೌದು ಅಂದವರು ಅರ್ಧ, ದಂಡ ಅಂದವರು ಅರ್ಧ. ನನ್ನ ಪ್ರಕಾರ ಇಬ್ಬರ ಮಾತೂ ಸರಿ. ಯಾವ ತಿಂಗಳ ಮಾತು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ನಮ್ಮದು ಟಾರ್ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಒಂಟಿ ಮನೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದೇ ಬೀಳುತ್ತದೆ. ಹೋದ ಕರೆಂಟ್ ಬರಲು ಮೂರು ದಿನ ಮಾಮೂಲು. ಒಂದು ವರ್ಷ ಒಂಬತ್ತು ದಿನ ಆಯಿತು. ಲೈನ್‌ಮನ್‌ಗಳನ್ನು ನಾನು ಬೈಯುವುದಿಲ್ಲ, ಆ ಮಳೆಯಲ್ಲಿ ಕಂಬ ಹತ್ತುವವರ ಪಾಡನ್ನು ಕಣ್ಣಾರೆ ನೋಡಿದ್ದೇನೆ.

2019ರಲ್ಲಿ ಒಂದು ಕಿಲೋವ್ಯಾಟ್ ಪ್ಯಾನಲ್ ಮತ್ತು ಎರಡು 150 ಎಎಚ್ ಬ್ಯಾಟರಿ ಹಾಕಿಸಿದೆ. ಶಿವರಾತ್ರಿಯಿಂದ ಮೇ ತನಕ ದಿನಕ್ಕೆ ನಾಲ್ಕು ಯೂನಿಟ್ ಬರುತ್ತಿತ್ತು, ಎಷ್ಟು ಖುಷಿ ಪಟ್ಟೆವು ಅಂದರೆ ಅಕ್ಕಪಕ್ಕದವರನ್ನು ಕರೆದು ತೋರಿಸಿದ್ದೆವು. ಜುಲೈ ಬಂತು ನೋಡಿ. ಒಳ್ಳೆಯ ದಿನ ಒಂದು ಯೂನಿಟ್, ಮೋಡ ಕವಿದ ದಿನ ಅರ್ಧವೂ ಇಲ್ಲ. ಪ್ಯಾನಲ್‌ನ ಕೆಳಗಿನ ಅಂಚಿನಲ್ಲಿ ಹಸಿರು ಪಾಚಿ. ಬ್ಯಾಟರಿ ಎರಡು ಮೂರು ತಿಂಗಳು ಅರೆಹೊಟ್ಟೆಯಲ್ಲೇ ಇತ್ತು. ಸೀಸದ ಬ್ಯಾಟರಿಯನ್ನು ಹಾಗೆ ಬಿಟ್ಟರೆ ಒಳಗಿನ ಪ್ಲೇಟ್ ಮೇಲೆ ಗಟ್ಟಿ ಪದರ ಕೂತು ಅದು ಮತ್ತೆ ಪೂರ್ತಿ ತುಂಬುವುದೇ ಇಲ್ಲ. ಮೂರನೇ ಮಳೆಗಾಲಕ್ಕೆ ಎರಡೂ ಬ್ಯಾಟರಿ ಹೋದವು.

ಆ ಜುಲೈನಲ್ಲಿ ಕತ್ತಲಲ್ಲಿ ಕೂತಿದ್ದಾಗ ಮಳೆ ಸ್ವಲ್ಪ ನಿಂತರೆ ಕೇಳುತ್ತಿದ್ದದ್ದು ಒಂದೇ ಶಬ್ದ, ಮನೆ ಹಿಂದಿನ ಹಳ್ಳದ್ದು. ಬಿಸಿಲು ಇಲ್ಲದ ಅಷ್ಟೂ ತಿಂಗಳು ಅದು ರಾತ್ರಿ ಹಗಲು ಹರಿಯುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆ ಇಟ್ಟು ಅಬ್ಬಿ ನೀರನ್ನು ಅಂಗಳಕ್ಕೆ ತಂದವರು ನಾವು. ಅದೇ ನೀರನ್ನು ಪೈಪಿನಲ್ಲಿ ಇಳಿಸಿ ಚಕ್ರ ತಿರುಗಿಸಿದರೆ ಆಯಿತಲ್ಲ ಅಂತ ಹೊರಟೆ.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ, ಎರಡನ್ನೂ ಗುಣಿಸಿ 9.81ರಿಂದ ಮತ್ತೆ ಗುಣಿಸಿ. ಅಷ್ಟು ವ್ಯಾಟ್ ನೀರಿನಲ್ಲಿದೆ. ಸಣ್ಣ ಯಂತ್ರಕ್ಕೆ ಅದರಲ್ಲಿ ಅರ್ಧ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನನಗೆ 5 ಲೀಟರ್ ನೀರು, 22 ಮೀಟರ್ ಎತ್ತರ. ಅಂದರೆ ಸುಮಾರು 540 ವ್ಯಾಟ್ ಬರಬೇಕಿತ್ತು.

ಬಂದದ್ದು 220.

ಏನಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ನಮ್ಮ ಕಡೆ ಇನ್ನೂ ಮೂರು ಮನೆಯಲ್ಲಿ ನೋಡಿದ್ದೇನೆ. ಮಾರಿದವರು "ಎರಡಿಂಚು ಪೈಪ್ ಸಾಕು, ಪ್ರೆಶರ್ ಜಾಸ್ತಿ ಬರುತ್ತದೆ" ಅಂದರು. ನಂಬಿದೆ. 110 ಮೀಟರ್ ಎರಡಿಂಚು ಪೈಪ್ ಎಳೆದೆವು. ಯಂತ್ರದ ಹತ್ತಿರ ಒಂದು ಪ್ರೆಶರ್ ಮೀಟರ್ ಹಾಕಿದ್ದೆ, ಪುಣ್ಯಕ್ಕೆ. ವಾಲ್ವ್ ಮುಚ್ಚಿದಾಗ ಮುಳ್ಳು 2.2 ತೋರಿಸುತ್ತಿತ್ತು. ಒಂದು ಕೆಜಿ ಪ್ರೆಶರ್ ಅಂದರೆ ಹತ್ತು ಮೀಟರ್ ನೀರು, ಹಾಗಾಗಿ 22 ಮೀಟರ್ ಸರಿ. ವಾಲ್ವ್ ತೆರೆದ ಕೂಡಲೇ ಮುಳ್ಳು 0.9ಕ್ಕೆ ಇಳಿಯುತ್ತಿತ್ತು! ಉಳಿದ 13 ಮೀಟರ್ ಎಲ್ಲಿ ಹೋಯಿತು? ಪೈಪಿನ ಗೋಡೆಗೆ ಉಜ್ಜಿಕೊಂಡೇ ಹೋಯಿತು. ಒಳಗಿನ ಅಳತೆ 50 ಮಿಲಿಮೀಟರ್ ಇರುವ ಪೈಪಿನಲ್ಲಿ ಸೆಕೆಂಡಿಗೆ 5 ಲೀಟರ್ ಓಡಿಸಿದರೆ ನೂರು ಮೀಟರಿಗೆ ಹತ್ತಿರ ಹತ್ತಿರ 12 ಮೀಟರ್ ಎತ್ತರ ಕಳೆದುಹೋಗುತ್ತದೆ. 75 ಮಿಲಿಮೀಟರ್ ಆದರೆ ಒಂದೂವರೆ ಮೀಟರ್ ಚಿಲ್ಲರೆ ಅಷ್ಟೆ. ನಿಂತ ನೀರಿನ ಪ್ರೆಶರ್ ನೋಡಿ ಮೋಸ ಹೋಗಬೇಡಿ, ಹರಿಯುವಾಗ ಎಷ್ಟು ಉಳಿಯುತ್ತದೆ ಅನ್ನುವುದೇ ಲೆಕ್ಕ.

ಮರುವರ್ಷ ಮೂರಿಂಚಿಗೆ ಬದಲಾಯಿಸಿದೆ. ಚಕ್ರಕ್ಕೆ ನೀರು ಚಿಮ್ಮಿಸುವ ನಾಝಲ್ ಅನ್ನು 22 ಮಿಲಿಮೀಟರಿನಿಂದ 18ಕ್ಕೆ ಇಳಿಸಿದೆ, ಪ್ರೆಶರ್ ಜಾಸ್ತಿಯಾದ ಮೇಲೆ ಅಷ್ಟೇ ನೀರಿಗೆ ಸಣ್ಣ ಬಾಯಿ ಸಾಕು. ಈಗ ಹರಿಯುವಾಗಲೂ ಮುಳ್ಳು 2ರಲ್ಲಿ ನಿಲ್ಲುತ್ತದೆ. ಸುಮಾರು 500 ವ್ಯಾಟ್ ಬರುತ್ತಿದೆ. ಇಷ್ಟೇನಾ ಅನ್ನಬೇಡಿ. ಇದು ರಾತ್ರಿಯೂ ನಿಲ್ಲುವುದಿಲ್ಲ, 24 ಗಂಟೆಗೆ 12 ಯೂನಿಟ್! ಮೂರು ಕಿಲೋವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ ಕೊಡುವಷ್ಟು, ಅದೂ ಜುಲೈ ತಿಂಗಳಲ್ಲಿ.

ನಮ್ಮ ಮನೆಗೆ ದಿನಕ್ಕೆ ನಾಲ್ಕೈದು ಯೂನಿಟ್ ಸಾಕು. ಮಿಕ್ಕಿದ್ದು ಏನು ಮಾಡುವುದು ಅಂದರೆ, ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಲೋಡ್ ಕಮ್ಮಿಯಾದರೆ ಚಕ್ರ ಜೋರಾಗಿ ತಿರುಗಿ ವೋಲ್ಟೇಜ್ ಏರುತ್ತದೆ, ಬಲ್ಬ್ ಸುಡುತ್ತದೆ. ಅದಕ್ಕೆ ಒಂದು ಲೋಡ್ ಕಂಟ್ರೋಲರ್ ಇರುತ್ತದೆ, ನಾವು ಬಳಸದ ಕರೆಂಟ್ ಅನ್ನು ಅದು ಬೇರೆ ಕಡೆ ಸುರಿಯುತ್ತದೆ. ನಾನು ಅದನ್ನು ಬಚ್ಚಲು ಮನೆಯ ಹೀಟರ್ ಕಾಯಿಲ್‌ಗೆ ಕೊಟ್ಟಿದ್ದೇನೆ. ಏಳು ಯೂನಿಟ್ ಅಂದರೆ 120 ಲೀಟರ್ ನೀರನ್ನು 50 ಡಿಗ್ರಿಯಷ್ಟು ಬಿಸಿ ಮಾಡುವ ಶಾಖ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅಮ್ಮನ ಕಣ್ಣು ಕೆಂಪಾಗುವುದು ನಿಂತಿತು. ನನಗೆ ಲೈಟ್ ಬಂದದ್ದಕ್ಕಿಂತ ಇದೇ ದೊಡ್ಡದು.

ದೀಪಾವಳಿ ತನಕ ಹೀಗೆ ಓಡುತ್ತದೆ. ಆಮೇಲೆ ನೀರು ಇಳಿಯುತ್ತದೆ. ಜನವರಿಯಲ್ಲಿ 2 ಲೀಟರ್ ಸಿಕ್ಕರೆ 12 ಮಿಲಿಮೀಟರ್ ನಾಝಲ್ ಹಾಕಿ 200 ವ್ಯಾಟ್ ತೆಗೆಯುತ್ತೇನೆ. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ, ಪ್ಯಾನಲ್ ಕೆಲಸ ಶುರು. ಮಿಕ್ಸಿಯಂಥ ದೊಡ್ಡ ಲೋಡ್ ಬ್ಯಾಟರಿ ಇನ್ವರ್ಟರ್ ಮೇಲಿದೆ, ಮಳೆಗಾಲದಲ್ಲಿ ಹಳ್ಳ ಅದನ್ನು ತುಂಬುತ್ತದೆ, ಬೇಸಿಗೆಯಲ್ಲಿ ಬಿಸಿಲು. ಮಲೆನಾಡಿನವರು ಸೋಲಾರಾ, ನೀರಾ ಅಂತ ಜಗಳ ಮಾಡಬಾರದು. ಯಾವ ಹಂಗಾಮು ಏನು ಕೊಡುತ್ತದೆ ಅಂತ ಮೊದಲು ನೋಡಿ.

ಸಾಗರ ವೈರಿಂಗ್

ಅಣ್ಣಾ, ಪೈಪಿನ ವಿಷಯ ಬರೆದದ್ದು ತುಂಬಾ ಒಳ್ಳೆಯದಾಯಿತು. ನಾನು ಹದಿನೆಂಟು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ನನ್ನ ಕಡೆಯಿಂದ ಎರಡು ಮಾತು.

ಒಂದು, ಈಗ ಚಾವಣಿ ಸೋಲಾರ್ ಹಾಕಿಸುವವರಲ್ಲಿ ಹತ್ತಕ್ಕೆ ಎಂಟು ಜನ ಕರೆಂಟ್ ಹೋದರೂ ನಮ್ಮ ಮನೆಯಲ್ಲಿ ಲೈಟ್ ಇರುತ್ತದೆ ಅಂದುಕೊಂಡಿರುತ್ತಾರೆ. ಇರುವುದಿಲ್ಲ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಅದು ಕೆಟ್ಟಿದೆ ಅಂತ ನನಗೆ ಫೋನ್ ಬರುತ್ತದೆ. ಕೆಟ್ಟಿಲ್ಲ, ಹಾಗೆ ನಿಲ್ಲಬೇಕು ಅಂತಲೇ ಮಾಡಿದ್ದು. ಇಲ್ಲದಿದ್ದರೆ ನಿಮ್ಮ ಮನೆಯ ಕರೆಂಟ್ ಹಿಂದಕ್ಕೆ ಲೈನಿಗೆ ಹೋಗಿ, ಕಂಬದ ಮೇಲೆ ಕೆಲಸ ಮಾಡುವವನ ಜೀವ ಹೋಗುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಖರ್ಚು ಜಾಸ್ತಿ. ಮಲೆನಾಡಿನವರು ಇದನ್ನು ಕೇಳಿಯೇ ದುಡ್ಡು ಕೊಡಿ.

ಎರಡು, ಹಳ್ಳದ ಕರೆಂಟಿಗೂ ಇದೇ ಮಾತು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗ್‌ಗೆ ಜೋಡಿಸಲೇಬೇಡಿ. ಸ್ವಿಚ್ ಒಂದೋ ಲೈನ್ ಕಡೆ ಇರಬೇಕು, ಇಲ್ಲವೇ ಹಳ್ಳದ ಕಡೆ. ಎರಡೂ ಸೇರುವ ದಾರಿಯೇ ಇರಬಾರದು. ಒಬ್ಬರ ಮನೆಯಲ್ಲಿ ಪ್ಲಗ್ಗಿನಿಂದ ಪ್ಲಗ್ಗಿಗೆ ವೈರ್ ಹಾಕಿ ಓಡಿಸುತ್ತಿದ್ದರು. ಆವತ್ತು ನಾನು ಊಟಕ್ಕೂ ನಿಲ್ಲದೆ ಮೊದಲು ಅದನ್ನು ಬಿಚ್ಚಿದೆ.

ಅರ್ತಿಂಗ್ ಮರೆಯಬೇಡಿ. ಏಪ್ರಿಲ್, ಮೇ ಸಿಡಿಲಿಗೆ ನಮ್ಮ ಕಡೆ ಪ್ರತಿ ವರ್ಷ ಇನ್ವರ್ಟರ್ ಸುಡುತ್ತದೆ. ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಪ್ಯಾನಲ್ ಫ್ರೇಮಿಗೆ ಬೇರೆ ಅರ್ತ್ ಕೊಡಿಸಿ. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಹೋಗುತ್ತದೆ, ಬಚ್ಚಲ ನೀರು ಹೋಗುವ ಕಡೆ ತೋಡಿಸಿದರೆ ಒಳ್ಳೆಯದು.

ವಿನೋಬನಗರ ಮಹಡಿ

ನಾವು ಶಿವಮೊಗ್ಗ ಪೇಟೆಯವರು. ಹಳ್ಳ ಇಲ್ಲ, ಮಹಡಿ ಇದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಹಾಕಿಸಿದೆವು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ಸಬ್ಸಿಡಿ. ಖಾತೆಗೆ ಬಂತು. ಮುನ್ನೂರು ಚದರಡಿ ಜಾಗ ಹಿಡಿಯಿತು. ಬೇಸಿಗೆಯಲ್ಲಿ ಹನ್ನೆರಡು ಹದಿಮೂರು ಯೂನಿಟ್, ಆಷಾಢದಲ್ಲಿ ನಾಲ್ಕೈದು.

ನನ್ನ ಅನುಮಾನ ಒಂದೇ. ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಹೇಗೂ ಬಿಲ್ ಇಲ್ಲ, ಯಾಕೆ ಬೇಕಿತ್ತು ನಿಮಗೆ ಅಂತ ಎಲ್ಲರೂ ಕೇಳುತ್ತಾರೆ. ಹೇಗೆ ಉತ್ತರ ಕೊಡುವುದು?

ಹೊಸನಗರ ಹಳ್ಳದಂಚು

ಬಿಲ್ ಇಲ್ಲ ಅಂದ ಮಾತ್ರಕ್ಕೆ ಕರೆಂಟ್ ಪುಕ್ಕಟೆ ಹುಟ್ಟುವುದಿಲ್ಲ, ಎಲ್ಲೋ ಕಲ್ಲಿದ್ದಲು ಉರಿಯುತ್ತಿರುತ್ತದೆ, ಅಥವಾ ನಮ್ಮದೇ ಲಿಂಗನಮಕ್ಕಿಯ ನೀರು ಇಳಿಯುತ್ತಿರುತ್ತದೆ. ನೀವು ಹಾಕಿಸಿದ್ದು ಒಳ್ಳೆಯ ಕೆಲಸ, ಹಾಗೇ ಹೇಳಿ. ಆದರೆ ಪ್ಯಾನಲ್‌ಗಿಂತ ಮೊದಲು ಫ್ಯಾನ್ ಬದಲಾಯಿಸಿ ಅಂತಲೂ ಹೇಳಿ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ಇರುವ ಮನೆಯಲ್ಲಿ ಅದೇ ದೊಡ್ಡ ಉಳಿತಾಯ.

ತೀರ್ಥಹಳ್ಳಿ ತೋಟದಮನೆ

ಎಲ್ಲರೂ ಕರೆಂಟ್ ಕರೆಂಟ್ ಅನ್ನುತ್ತೀರಿ. ಮಲೆನಾಡಿನ ಮನೆಯಲ್ಲಿ ಹೆಚ್ಚು ಉರಿಯುವುದು ಬಲ್ಬ್ ಅಲ್ಲ, ಒಲೆ. ಬಚ್ಚಲ ಒಲೆ, ಅಡುಗೆ ಒಲೆ, ಅಡಿಕೆ ಬೇಯಿಸುವ ಒಲೆ. ಅದರ ಬಗ್ಗೆ ಯಾರಾದರೂ ಬರೆಯುತ್ತಾರಾ ಅಂತ ಕಾದೆ, ಯಾರೂ ಬರೆಯಲಿಲ್ಲ. ನಾನೇ ಬರೆಯುತ್ತೇನೆ.

ನಮ್ಮಲ್ಲಿ ಗೋಬರ್ ಗ್ಯಾಸ್ ಇದೆ, ದೀನಬಂಧು ಅನ್ನುವ ಗುಮ್ಮಟದ ಮಾದರಿ, ದಿನಕ್ಕೆ ಎರಡು ಘನ ಮೀಟರ್ ಗ್ಯಾಸಿನದು. ನಮ್ಮ ಮಾವ ಕಟ್ಟಿಸಿದ್ದು. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ನಾಲ್ಕೈದು ದನ ಇದ್ದರೆ ಆಗುತ್ತದೆ. ಒಂದು ಘನ ಮೀಟರ್ ಗ್ಯಾಸ್ ಅಂದರೆ ಸಿಲಿಂಡರಿನ ಗ್ಯಾಸ್ ನಾನೂರು ಗ್ರಾಂ ಚಿಲ್ಲರೆಗೆ ಸಮ. ಐದು ಜನರ ಅಡುಗೆ ಬೇಸಿಗೆಯಲ್ಲಿ ಆರಾಮಾಗಿ ಆಗುತ್ತದೆ.

ಮಳೆಗಾಲದಲ್ಲಿ ಮಾತ್ರ ಉರಿ ಇಳಿಯುತ್ತದೆ. ಗುಂಡಿಯೊಳಗೆ ಗ್ಯಾಸ್ ಮಾಡುವ ಜೀವಾಣುಗಳಿಗೆ 35 ಡಿಗ್ರಿ ಹತ್ತಿರದ ಬೆಚ್ಚಗೆ ಬೇಕು. ಪುಷ್ಯ, ಆಶ್ಲೇಷ ಮಳೆಯಲ್ಲಿ ನಮ್ಮ ಕೊಟ್ಟಿಗೆ ಹಿಂದೆ ಕಾಲಿಟ್ಟರೆ ಕಾಲು ಜೋಮು ಹಿಡಿಯುತ್ತದೆ, ಅವು ಹೇಗೆ ಕೆಲಸ ಮಾಡಬೇಕು? ತಣ್ಣೀರು ಬಿಟ್ಟು ಬಿಸಿನೀರಿನಲ್ಲಿ ಸಗಣಿ ಕಲಸಿ ಹಾಕಲು ಶುರು ಮಾಡಿದೆ. ಬೆಳಿಗ್ಗೆ ಸ್ನಾನ ಮುಗಿದ ಮೇಲೆ ಹಂಡೆಯಲ್ಲಿ ಉಳಿಯುವ ಎರಡು ಕೊಡ, ಕೈ ಇಟ್ಟರೆ ಬೆಚ್ಚಗಿರಬೇಕು ಅಷ್ಟೆ, ಸುಡಬಾರದು. ವ್ಯತ್ಯಾಸ ಗೊತ್ತಾಗುತ್ತದೆ. ಹೊಸನಗರದ ಅಣ್ಣ, ನಿಮ್ಮ ಹಳ್ಳದ ಕರೆಂಟ್ ಪುಕ್ಕಟೆ ನೀರು ಕಾಯಿಸುತ್ತಿದೆಯಲ್ಲ, ಕೊಟ್ಟಿಗೆ ಇದ್ದರೆ ಮಾಡಿ ನೋಡಿ.

ಇನ್ನೊಂದು. ಉರಿ ಭುಸ್ ಭುಸ್ ಅಂತ ಕುಣಿಯುತ್ತಿದ್ದರೆ ಗ್ಯಾಸ್ ಮುಗಿಯಿತು ಅಂದುಕೊಳ್ಳಬೇಡಿ, ಪೈಪಿನಲ್ಲಿ ನೀರು ಕೂತಿರುತ್ತದೆ. ಗ್ಯಾಸ್ ಜೊತೆ ಬರುವ ಆವಿ ತಣ್ಣಗಾಗಿ ನೀರಾಗುತ್ತದೆ. ಪೈಪಿನ ತಗ್ಗಿನ ಜಾಗದಲ್ಲಿ ಒಂದು ನಲ್ಲಿ ಇಡಿಸಿ, ವಾರಕ್ಕೊಮ್ಮೆ ತೆರೆದು ಹರಿಸಿ. ನಮ್ಮಲ್ಲಿ ಆ ನಲ್ಲಿ ಇಲ್ಲದೆ ಎರಡು ವರ್ಷ ಗುಂಡಿಯನ್ನೇ ಬೈದುಕೊಂಡು ಸೌದೆಗೆ ಮರಳಿದ್ದೆವು. ಬಳಸದೆ ಗ್ಯಾಸ್ ಸೋರಲು ಬಿಟ್ಟರೆ ಅದು ಇನ್ನೂ ಕೆಟ್ಟದ್ದಂತೆ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತೆಂಟು ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ ಅಂತ ಮಗಳು ಹೇಳಿದಳು. ಕಟ್ಟಿದ ಮೇಲೆ ಉರಿಸಲೇಬೇಕು.

ಅಡಿಕೆಯ ವಿಷಯ. ಹೋದ ಮೂರು ವರ್ಷ ಕೊಯ್ಲಿನ ಹೊತ್ತಿಗೇ ಮಳೆ. ಬೇಯಿಸಿದ ಅಡಿಕೆ ತಟ್ಟಿ ಮೇಲೆ ಹರಡಿದ್ದೇ ತಡ, ಮೋಡ. ಎರಡು ದಿನ ಬಿಸಿಲು ಕಾಣದಿದ್ದರೆ ಬೂಷ್ಟು. ಒಂದು ವರ್ಷ ನಮ್ಮ ರಾಶಿಯಲ್ಲಿ ಕಾಲು ಭಾಗ ಬಣ್ಣ ಕೆಟ್ಟು ಮಂಡಿಯಲ್ಲಿ ರೇಟು ಇಳಿಸಿದರು. ಆಮೇಲೆ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಡ್ರೈಯರ್ ಕಟ್ಟಿಸಿದೆವು. ಕಬ್ಬಿಣದ ಕಮಾನು, ಮೇಲೆ 200 ಮೈಕ್ರಾನ್ ಯುವಿ ಶೀಟ್, ಒಳಗೆ ಎರಡು ಅಂತಸ್ತು. ಮಧ್ಯಾಹ್ನ ಒಳಗೆ 50 ಡಿಗ್ರಿ ದಾಟುತ್ತದೆ. ಏಳೆಂಟು ದಿನ ಹಿಡಿಯುತ್ತಿದ್ದದ್ದು ನಾಲ್ಕೈದು ದಿನಕ್ಕೆ ಆಗುತ್ತದೆ, ಮುಖ್ಯ ಅಂದರೆ ಮಳೆ ಬಂದರೆ ಓಡಿ ಬಾಚುವ ಕೆಲಸ ಇಲ್ಲ. ಬಿಸಿ ಗಾಳಿ ಹೊರಗೆ ಹೋಗಲು ಮೇಲೆ ಕಿಂಡಿ ಇರಲೇಬೇಕು. ಮೊದಲ ವರ್ಷ ಕಿಂಡಿ ಮುಚ್ಚಿ ಮಲಗಿದೆವು. ಬೆಳಿಗ್ಗೆ ಶೀಟಿನ ಒಳಮೈಯಿಂದ ಹನಿ ಹನಿ ನೀರು ಅಡಿಕೆ ಮೇಲೆ ಬೀಳುತ್ತಿತ್ತು. ಆಮೇಲೆ ಎರಡು ಸಣ್ಣ ಫ್ಯಾನ್ ಕೂರಿಸಿದೆವು, ಅವಕ್ಕೆ ಒಂದು ಸಣ್ಣ ಪ್ಯಾನಲ್.

ಹೊಸನಗರ ಹಳ್ಳದಂಚು

ಅಕ್ಕಾ, ಸಗಣಿಗೆ ಬಿಸಿನೀರು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಕೊಟ್ಟಿಗೆ ತನಕ ಪೈಪ್ ಎಳೆಯುತ್ತೇನೆ.

ಫಿಸಿಕ್ಸ್ ಮೇಷ್ಟ್ರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ದೊಡ್ಡ ಚಿತ್ರದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಊರೂರಲ್ಲಿ ಮಾತು ಇದೆ, ಆದರೆ ಅದು ಏನು ಅಂತ ತುಂಬಾ ಜನರಿಗೆ ಸ್ಪಷ್ಟ ಇಲ್ಲ.

ಕರ್ನಾಟಕದಲ್ಲಿ ಸೋಲಾರ್ ತುಂಬಾ ಬೆಳೆದಿದೆ. ಪಾವಗಡದ ಪಾರ್ಕ್ ಒಂದೇ 2,050 ಮೆಗಾವ್ಯಾಟ್, 13 ಸಾವಿರ ಎಕರೆಯಲ್ಲಿ. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ವರ್ಷಕ್ಕೆ ಎಕರೆಗೆ 21 ಸಾವಿರದಿಂದ ಶುರುಮಾಡಿ ಬಾಡಿಗೆ ಕೊಟ್ಟು ಪಡೆದರು. ಮಧ್ಯಾಹ್ನ ಅಲ್ಲಿ ಕರೆಂಟ್ ಉಕ್ಕುತ್ತದೆ. ಆದರೆ ಮನೆಗಳಲ್ಲಿ ನಾವು ಜಾಸ್ತಿ ಬಳಸುವುದು ಸಂಜೆ ಆರರ ನಂತರ. ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡುವುದು ಹೇಗೆ? ಒಂದು ದಾರಿ ಬ್ಯಾಟರಿ. ಇನ್ನೊಂದು, ಮಧ್ಯಾಹ್ನ ಮಿಕ್ಕ ಕರೆಂಟಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಮತ್ತೆ ಇಳಿಸುವುದು. ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವ 2,000 ಮೆಗಾವ್ಯಾಟ್ ಯೋಜನೆ ಅದೇ. ಇದು ಹೊಸ ಕರೆಂಟ್ ಹುಟ್ಟಿಸುವುದಿಲ್ಲ ಅನ್ನುವುದು ನೆನಪಿರಲಿ. ನೂರು ಯೂನಿಟ್ ಖರ್ಚು ಮಾಡಿ ಎತ್ತಿದರೆ 75ರಿಂದ 80 ಯೂನಿಟ್ ವಾಪಸ್ ಬರುತ್ತದೆ.

ಎತ್ತರದ ಮಹತ್ವ ನೋಡಿ. ಶರಾವತಿಯಲ್ಲಿ ನೀರು 450 ಮೀಟರಿಗೂ ಹೆಚ್ಚು ಇಳಿಯುತ್ತದೆ, ಅಲ್ಲಿ ಸಾವಿರ ಲೀಟರ್ ನೀರಿಗೆ ಒಂದು ಯೂನಿಟ್ ಸಿಗುತ್ತದೆ. ಹೊಸನಗರದವರ ಹಳ್ಳದಲ್ಲಿ ಅದೇ ಒಂದು ಯೂನಿಟ್‌ಗೆ 36 ಸಾವಿರ ಲೀಟರ್ ಬೇಕು. ಆದರೂ ನನಗೆ ಆ ಹಳ್ಳದ ಯೂನಿಟ್ ಬೆಲೆಯುಳ್ಳದ್ದು, ಅದಕ್ಕೆ ಕಂಬ ಬೇಡ, ಮರ ಬಿದ್ದರೂ ನಿಲ್ಲುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕರೆಂಟ್ ಎತ್ತಿಡುವ ವ್ಯವಸ್ಥೆ ನಾಡಿಗೆ ಬೇಕೇ ಬೇಕು. ಅದು ಇಲ್ಲದೆ ಕಲ್ಲಿದ್ದಲು ಬಿಡಲು ಆಗುವುದಿಲ್ಲ. ಹೊಸ ಅಣೆಕಟ್ಟು ಬೇಡ, ಇರುವ ಎರಡು ಜಲಾಶಯವನ್ನೇ ಬಳಸುತ್ತೇವೆ ಅನ್ನುವ ವಾದದಲ್ಲೂ ಹುರುಳಿದೆ. ಆದರೆ ಸುರಂಗ, ರಸ್ತೆ ಎಲ್ಲ ಹೋಗುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಮೇಲಿನ ಕೊಂಬೆಗಳ ಸಾಲು ಒಂದು ಕಡೆ ತುಂಡಾದರೆ ಗುಂಪು ಎರಡಾಗುತ್ತದೆ. ಇಂಥ ಕಡೆ ಒಂದು ಎಕರೆ ಕಾಡನ್ನು ಬರೀ ಒಂದು ಎಕರೆ ಅಂತ ಎಣಿಸಬಾರದು. ಬ್ಯಾಟರಿ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಅದನ್ನು ಪಾವಗಡದ ಪ್ಯಾನಲ್ ಪಕ್ಕದಲ್ಲೇ ಇಡಬಹುದು. ಮೊದಲು ಆ ಲೆಕ್ಕ ಜನರ ಮುಂದೆ ಬರಲಿ.

ಹಿನ್ನೀರಿನ ಮೊಮ್ಮಗ

ಮೇಷ್ಟ್ರೇ, ನೀವು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮದು ಮುಳುಗಡೆ ಮನೆತನ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಹೋಯಿತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿದೆ. ಬರ ಬಂದ ವರ್ಷ ನೀರು ಇಳಿದಾಗ ಅದು ಮೇಲೆ ಕಾಣುತ್ತದೆ, ನಮ್ಮ ತಂದೆ ಹೋಗಿ ನೋಡಿಕೊಂಡು ಬರುತ್ತಿದ್ದರು. ನಮ್ಮ ಗದ್ದೆ ಎಲ್ಲಿತ್ತು ಅಂತ ಕೈ ತೋರಿಸಿ ಹೇಳುತ್ತಿದ್ದರು, ನನಗೆ ಬರೀ ಕೆಸರು ಕಾಣುತ್ತಿತ್ತು.

ಆ ನೀರಿನಿಂದ 1,035 ಮೆಗಾವ್ಯಾಟ್ ಕೇಂದ್ರ ನಡೆಯಿತು, ನಾಡಿಗೆಲ್ಲ ಬೆಳಕಾಯಿತು. ಅದಕ್ಕೆ ನಮ್ಮ ತಕರಾರು ಇಲ್ಲ. ಆದರೆ ಎಬ್ಬಿಸಿ ಕಳಿಸಿದ ಜಾಗದಲ್ಲಿ ನಮ್ಮ ಮನೆಗೆ ಕರೆಂಟ್ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಲ್ಲಿ ತನಕ ಬುಡ್ಡಿ ದೀಪ. ಜಮೀನಿಗೆ ಹಕ್ಕುಪತ್ರ ಅನ್ನುವುದು ಇವತ್ತಿಗೂ ಅರ್ಧಂಬರ್ಧ.

ಹಾಗಾಗಿ ಹಸಿರು ಕರೆಂಟ್ ಅಂತ ಯಾರಾದರೂ ಹೇಳಿದರೆ, ಯಾರ ಜಾಗದಲ್ಲಿ, ಅವರಿಗೆ ಏನು ಕೊಟ್ಟಿರಿ ಅಂತ ನಾನು ಮೊದಲು ಕೇಳುತ್ತೇನೆ. ಪಾವಗಡದ ಬಾಡಿಗೆ ಅನ್ನುವ ಯೋಚನೆ ಅಜ್ಜನ ಕಾಲದಲ್ಲಿ ಇದ್ದಿದ್ದರೆ ನಮ್ಮ ಮನೆಯ ಕಥೆ ಬೇರೆ ಇರುತ್ತಿತ್ತು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಮತ್ತೊಂದು ಮನೆಗೆ ಹಾಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಹೊಸನಗರ ಹಳ್ಳದಂಚು

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ತಾಲ್ಲೂಕಿನ ಎಷ್ಟೋ ಮನೆಯ ಕಥೆ ಇದು.

ಆಗುಂಬೆ ಕಪ್ಪೆ ಹುಡುಗಿ

ನಾನು ಹಳ್ಳಗಳಲ್ಲಿ ಕಪ್ಪೆ ಅಧ್ಯಯನ ಮಾಡುತ್ತೇನೆ. ಅಣ್ಣಾ, ನಿಮ್ಮ ಕೆಲಸ ತುಂಬಾ ಇಷ್ಟ ಆಯಿತು, ಆದರೆ ಒಂದು ಕೇಳಲೇಬೇಕು. ಹಳ್ಳಕ್ಕೆ ಅಡ್ಡ ಹಾಕಿದ ಕಟ್ಟದಿಂದ ಯಂತ್ರದ ತನಕ 110 ಮೀಟರ್ ನೀರು ಪೈಪಿನಲ್ಲಿ ಹೋಗುತ್ತದೆ ಅಲ್ವಾ? ಆ 110 ಮೀಟರ್ ಹಳ್ಳದಲ್ಲಿ ಏನು ಉಳಿಯುತ್ತದೆ?

ಮಳೆಗಾಲದಲ್ಲಿ ತೊಂದರೆ ಇಲ್ಲ, ಹಳ್ಳ ತುಂಬಿರುತ್ತದೆ. ನನ್ನ ಭಯ ದೀಪಾವಳಿ ಆದಮೇಲಿನದು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕಾಲು ಬೀಸುವ ಕಪ್ಪೆಗಳಿವೆ, ಹೆಬ್ಬೆರಳಿನಷ್ಟೇ ಇರುತ್ತವೆ. ನೀರಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ ಅಂತ ಗಂಡು ಕಪ್ಪೆ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುತ್ತದೆ. ಅದರಲ್ಲಿ ಒಂದು ಜಾತಿಗೆ ನಮ್ಮ ಕೊಟ್ಟಿಗೆಹಾರದ ಹೆಸರೇ ಇದೆ. ಇವಕ್ಕೆ ನೆರಳಿನ, ಸದಾ ಹರಿಯುವ ತೆಳು ನೀರು ಬೇಕು. ಹಳ್ಳ ಒಣಗಿದರೆ ಗೊದಮೊಟ್ಟೆ ಸಾಯುತ್ತವೆ.

ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಹಾಕಿದ್ದೀರಾ? ಏಡಿ, ಮೀನು ಎಲ್ಲ ಒಳಗೆ ಹೋಗುತ್ತವೆ.

ಹೊಸನಗರ ಹಳ್ಳದಂಚು

ಬಲೆ ಇದೆ. ಅದು ಎಲೆ ಬಂದು ನಾಝಲ್ ಕಟ್ಟಿಕೊಳ್ಳಬಾರದು ಅಂತ ಹಾಕಿದ್ದು, ದಿನಾ ಬೆಳಿಗ್ಗೆ ಹೋಗಿ ಬಾಚುತ್ತೇನೆ. ಮರಳು ಕೂರಲು ಮುಂಚೆ ಒಂದು ತೊಟ್ಟಿಯೂ ಇದೆ, ಅದಿಲ್ಲದಿದ್ದರೆ ಚಕ್ರದ ಬಟ್ಟಲುಗಳು ಬೇಗ ಸವೆಯುತ್ತವೆ.

ನೀರು ಬಿಡುವ ವಿಷಯ ನಿಜ ಹೇಳುತ್ತೇನೆ. ಮೊದಲ ವರ್ಷ ಜನವರಿಯಲ್ಲಿ ಪೂರ್ತಿ ನೀರನ್ನು ಪೈಪಿಗೆ ತಿರುಗಿಸಿದ್ದೆ. ಕೆಳಗಿನ ಮನೆಯವರು ಬಂದು ಹಳ್ಳ ಏನಾಯಿತು ಅಂತ ಕೇಳಿದರು. ನೀರು ಯಂತ್ರ ದಾಟಿ ಹಳ್ಳಕ್ಕೇ ಸೇರುತ್ತದೆ, ಒಂದು ಹನಿಯೂ ಕಮ್ಮಿಯಾಗುವುದಿಲ್ಲ ಅಂತ ಕರೆದುಕೊಂಡು ಹೋಗಿ ತೋರಿಸಿದೆ. ಅವರಿಗೆ ಸಮಾಧಾನ ಆಯಿತು. ಮಧ್ಯದ ಜಾಗದ ಬಗ್ಗೆ ಅವರೂ ಯೋಚಿಸಿರಲಿಲ್ಲ, ನಾನೂ ಇಲ್ಲ. ಕಲ್ಲು ಒಣಗಿ ಪಾಚಿ ಬಿಳಿಚಿಕೊಂಡಿದ್ದನ್ನು ಒಂದು ದಿನ ನೋಡಿದೆ, ಹೊಟ್ಟೆಗೆ ಸಂಕಟ ಆಯಿತು. ಈಗ ಕಟ್ಟದ ಬುಡದಲ್ಲಿ ಒಂದು ತೂತು ಬಿಟ್ಟಿದ್ದೇನೆ, ಪೈಪಿನ ಬಾಯಿಗಿಂತ ಕೆಳಗೆ. ಹಾಗಾಗಿ ಹಳ್ಳಕ್ಕೆ ಮೊದಲು ಹೋಗುತ್ತದೆ, ಮಿಕ್ಕಿದ್ದು ನನಗೆ. ಆ ತೂತು ಎಷ್ಟು ದೊಡ್ಡದಿರಬೇಕು ಅಂತ ನೀವೇ ಬಂದು ನೋಡಿ ಹೇಳಿದರೆ ಉಪಕಾರ. ಮನೆಯಲ್ಲಿ ಊಟ ಇದೆ.

ಹಾಗೇ ಎಲ್ಲರಿಗೂ: ಹಳ್ಳ ಕಾಡಿನ ಜಾಗದಲ್ಲಿದ್ದರೆ ಅನುಮತಿ ಇಲ್ಲದೆ ಕಟ್ಟ ಹಾಕಬೇಡಿ.

ಶಿಕಾರಿಪುರ ಬಯಲು

ನಮ್ಮ ಕಡೆ ಹಳ್ಳವೂ ಇಲ್ಲ ಕಪ್ಪೆಯೂ ಇಲ್ಲ, ಬೋರ್‌ವೆಲ್ ಮಾತ್ರ. ಐದು ಎಚ್‌ಪಿ ಸೋಲಾರ್ ಪಂಪ್ ಹಾಕಿಸಿದ್ದೇನೆ. ಮೊದಲು ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬರುತ್ತಿತ್ತು, ಟಾರ್ಚ್ ಹಿಡಿದು ಹೋಗಬೇಕಿತ್ತು, ಹಾವಿನ ಭಯ ಬೇರೆ. ಈಗ ಹಗಲು ನೀರು ಬಿಡುತ್ತೇನೆ, ರಾತ್ರಿ ಮಲಗುತ್ತೇನೆ. ಬ್ಯಾಟರಿ ಹಾಕಲಿಲ್ಲ, ಅದರ ಬದಲು ದೊಡ್ಡ ತೊಟ್ಟಿ ಕಟ್ಟಿಸಿದೆ. ಕರೆಂಟ್ ಕೂಡಿಡುವುದಕ್ಕಿಂತ ನೀರು ಕೂಡಿಡುವುದು ಅಗ್ಗ. ಆದರೆ ಬಿಸಿಲು ಪುಕ್ಕಟೆ ಅಂತ ಇಡೀ ದಿನ ಎತ್ತಿದರೆ ಬೋರ್ ಬತ್ತುತ್ತದೆ, ಅದನ್ನು ನಮ್ಮೂರಿನಲ್ಲಿ ನೋಡುತ್ತಿದ್ದೇವೆ. ನಾನು ದಿನಕ್ಕೆ ನಾಲ್ಕು ಗಂಟೆಯ ಮೇಲೆ ಓಡಿಸುವುದಿಲ್ಲ, ಡ್ರಿಪ್ ಇದೆ.

ಕೊಪ್ಪದ ಹೊಸಬ

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಎರಡು ದಿನದಿಂದ ಇದನ್ನೇ ಓದುತ್ತಿದ್ದೆ. ನಮ್ಮ ಮನೆ ಮೇಲೂ ಒಂದು ಹಳ್ಳ ಇದೆ. ಇವತ್ತು ಮಗನನ್ನು ಕರೆದುಕೊಂಡು ಹೋಗಿ, ತಗಡು ಇಟ್ಟು ಹಳ್ಳದ ಒಂದು ಕವಲಿನ ನೀರನ್ನು 200 ಲೀಟರ್ ಡ್ರಮ್ಮಿಗೆ ತಿರುಗಿಸಿದೆ. 52 ಸೆಕೆಂಡಿಗೆ ತುಂಬಿತು. ಮೂರು ಸಲ ನೋಡಿದೆವು, ಎರಡು ಸೆಕೆಂಡ್ ಆಚೀಚೆ. ಇದು ಸಾಕಾ? ಪೈಪ್ ಅಂಗಡಿಯವರು ಎರಡಿಂಚಿನದು ಕಮ್ಮಿಗೆ ಕೊಡುತ್ತೇನೆ ಅನ್ನುತ್ತಿದ್ದಾರೆ.

ಹೊಸನಗರ ಹಳ್ಳದಂಚು

ಸೆಕೆಂಡಿಗೆ 3.8 ಲೀಟರ್. ಒಳ್ಳೆಯ ನೀರು ಅದು. ಬರೀ ಒಂದು ಕವಲು ಅಂದಿರಿ, ಉಳಿದದ್ದು ಹಳ್ಳಕ್ಕೇ ಇರಲಿ.

ಇನ್ನು ಎತ್ತರ ಅಳೆಯಿರಿ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತದೆ, ಒಬ್ಬರು ಮೇಲೆ ಒಬ್ಬರು ಕೆಳಗೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಬನ್ನಿ, ಪ್ರತಿ ಸಲದ್ದನ್ನು ಬರೆದುಕೊಳ್ಳಿ. ಮಗ ಬರೆದುಕೊಳ್ಳಲಿ. ಪೈಪ್ ಹಾದಿಯ ಉದ್ದವನ್ನೂ ಟೇಪಿನಲ್ಲಿ ಅಳೆಯಿರಿ, ಅಂದಾಜು ಬೇಡ. ಎರಡೂ ಇಲ್ಲಿ ಹಾಕಿ, ಕೂತು ಲೆಕ್ಕ ಮಾಡೋಣ. ಅಲ್ಲಿ ತನಕ ಆ ಎರಡಿಂಚು ಪೈಪಿಗೆ ಅಡ್ವಾನ್ಸ್ ಕೊಡಬೇಡಿ.